ಮಕ್ಕಳೊಂದಿಗೆ ವಿದೇಶ ಪ್ರಯಾಣ: ದಾರಿಯಲ್ಲಿ ವಿಮಾನ ಬದಲಿಸುವವರು ಲಗೇಜಿನ ಬಗ್ಗೆ ತಿಳಿದಿರಬೇಕಾದ ವಿಷಯಗಳು

ಕರಾವಳಿಯ ನಮ್ಮ ಧರ್ಮಕೇಂದ್ರಗಳಲ್ಲಿ ಒಬ್ಬರಾದರೂ ವಿದೇಶದಲ್ಲಿ ಇಲ್ಲದ ಕುಟುಂಬ ಅಪರೂಪ. ಹಿಂದೆ ಹೆಚ್ಚಿನವರ ಪ್ರಯಾಣ ಮುಂಬಯಿಯ ಮೂಲಕವೇ ಆಗುತ್ತಿತ್ತು. 2006ರಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಆರಂಭವಾದ ಮೇಲೆ ಗಲ್ಫ್ ಪ್ರಯಾಣ ಸುಲಭವಾಯಿತು. ಆದರೆ ಯುರೋಪ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಕಡೆಗೆ ಹೋಗುವವರು ಇಂದಿಗೂ ದಾರಿಯಲ್ಲಿ ಒಂದೋ ಎರಡೋ ಕಡೆ ವಿಮಾನ ಬದಲಿಸಲೇಬೇಕು. ಗಂಡನ ಬಳಿಗೆ ಹೊರಟ ತಾಯಿ ಎರಡು ಸಣ್ಣ ಮಕ್ಕಳೊಡನೆ ಒಬ್ಬಳೇ ಪ್ರಯಾಣ ಮಾಡುವುದು, ಮೊಮ್ಮಗುವನ್ನು ಕರೆದುಕೊಂಡು ಅಜ್ಜ ಅಜ್ಜಿ ಊರಿಗೆ ಬರುವುದು ನಮ್ಮಲ್ಲಿ ಸಾಮಾನ್ಯ ಸಂಗತಿ.

ಇಂತಹ ಪ್ರಯಾಣದಲ್ಲಿ ವಿಮಾನ ಹತ್ತುವುದು ಇಳಿಯುವುದು ಅಷ್ಟು ಕಷ್ಟವಲ್ಲ. ಕಷ್ಟವಾಗುವುದು ಲಗೇಜಿನ ವಿಷಯದಲ್ಲಿ. ಬ್ಯಾಗು ಕೊನೆಯ ಊರಿನವರೆಗೆ ತಾನೇ ಹೋಗುತ್ತದೆ ಎಂದುಕೊಂಡು ಮುಂದೆ ನಡೆದರೆ ಅದು ನಡುದಾರಿಯಲ್ಲೇ ಉಳಿಯಬಹುದು. ಮಗುವಿನ ಹಾಲಿನ ಪುಡಿ ಮತ್ತು ಔಷಧಿ ಅದರೊಳಗೆ ಇದ್ದರೆ ತೊಂದರೆ ಇನ್ನೂ ಹೆಚ್ಚು. ಆದುದರಿಂದ ಪ್ರಯಾಣಕ್ಕೆ ಸಿದ್ಧರಾಗುವ ಕುಟುಂಬಗಳು ಮತ್ತು ಅವರಿಗೆ ಸಲಹೆ ನೀಡುವ ಚರ್ಚ್ ಕಾರ್ಯಕರ್ತರು ಬಳಸಿಕೊಳ್ಳಲೆಂದು ಕೆಲವು ಮುಖ್ಯ ಮಾಹಿತಿಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ. ಇವೆಲ್ಲವುಗಳ ಸಾರ ಎರಡೇ ಮಾತು. ಒಂದು, ಟಿಕೆಟ್ ಕೊಳ್ಳುವ ಮೊದಲೇ "ನಮ್ಮ ಬ್ಯಾಗು ಮುಂದೆ ಎಲ್ಲಿ ನಮ್ಮ ಕೈಗೆ ಬರುತ್ತದೆ?" ಎಂದು ಕೇಳಿ ತಿಳಿದುಕೊಳ್ಳಿ. ಎರಡು, ಒಂದು ದಿನದ ಮಟ್ಟಿಗೆ ಮಗುವಿಗೆ ಅಗತ್ಯವಾದ ಯಾವುದನ್ನೂ ಆ ಬ್ಯಾಗಿನಲ್ಲಿ ಹಾಕಬೇಡಿ.

ಬ್ಯಾಗು ಸಾಗುವ ಕ್ರಮ

ಚೆಕ್-ಇನ್ ಕೌಂಟರಿನಲ್ಲಿ ಬ್ಯಾಗಿಗೆ ಕಟ್ಟುವ ಕಾಗದದ ಪಟ್ಟಿಗೆ ಬ್ಯಾಗೇಜ್ ಟ್ಯಾಗ್ ಎನ್ನುತ್ತಾರೆ. ಅದರಲ್ಲಿ 10 ಅಂಕೆಗಳ ಒಂದು ಸಂಖ್ಯೆ, ಬಾರ್‌ಕೋಡ್ ಮತ್ತು ಬ್ಯಾಗು ತಲುಪಬೇಕಾದ ವಿಮಾನ ನಿಲ್ದಾಣದ ಮೂರಕ್ಷರದ ಸಂಕೇತ ಇರುತ್ತವೆ. ಮಂಗಳೂರಿಗೆ ಐಎಕ್ಸ್‌ಇ, ಮುಂಬಯಿಗೆ ಬಿಒಎಂ, ಬೆಂಗಳೂರಿಗೆ ಬಿಎಲ್‌ಆರ್, ದುಬೈಗೆ ಡಿಎಕ್ಸ್‌ಬಿ, ಅಬುಧಾಬಿಗೆ ಎಯುಎಚ್, ದೋಹಾಕ್ಕೆ ಡಿಒಎಚ್ ಎಂಬ ಸಂಕೇತಗಳಿವೆ. ಟ್ಯಾಗಿನ ಒಂದು ಚಿಕ್ಕ ತುಂಡನ್ನು ನಮ್ಮ ಬೋರ್ಡಿಂಗ್ ಪಾಸ್‌ಗೋ ಪಾಸ್‌ಪೋರ್ಟಿಗೋ ಅಂಟಿಸಿ ಕೊಡುತ್ತಾರೆ. ಬ್ಯಾಗು ನಮ್ಮದು ಎನ್ನುವುದಕ್ಕೆ ಇರುವ ಮುಖ್ಯ ದಾಖಲೆ ಇದೇ. ಪ್ರಯಾಣ ಮುಗಿದು ಬ್ಯಾಗು ಕೈಸೇರುವವರೆಗೆ ಅದನ್ನು ಎಸೆಯಬಾರದು.

ವಿಮಾನ ಬದಲಿಸುವ ನಿಲ್ದಾಣದಲ್ಲಿ ಸಿಬ್ಬಂದಿ ಆ ಬಾರ್‌ಕೋಡನ್ನು ಓದಿ ಬ್ಯಾಗನ್ನು ಮುಂದಿನ ವಿಮಾನಕ್ಕೆ ಸಾಗಿಸುತ್ತಾರೆ. ತಪ್ಪುಗಳು ಹೆಚ್ಚಾಗಿ ಆಗುವುದು ಈ ಹಂತದಲ್ಲೇ. ವಿಮಾನಯಾನ ಕ್ಷೇತ್ರಕ್ಕೆ ಮಾಹಿತಿ ತಂತ್ರಜ್ಞಾನ ಒದಗಿಸುವ ಸೀಟಾ ಸಂಸ್ಥೆಯ ವರದಿಯ ಪ್ರಕಾರ 2024ರಲ್ಲಿ ಜಗತ್ತಿನಾದ್ಯಂತ ಸಾವಿರ ಪ್ರಯಾಣಿಕರಿಗೆ ಸುಮಾರು 6.3 ಬ್ಯಾಗುಗಳು ತಡವಾದವು, ಹಾನಿಗೊಂಡವು ಅಥವಾ ಕಳೆದುಹೋದವು. 2007ರಲ್ಲಿ ಈ ಪ್ರಮಾಣ ಸುಮಾರು 19 ಇತ್ತು. ಪರಿಸ್ಥಿತಿ ಬಹಳ ಸುಧಾರಿಸಿದೆ ಎಂಬುದು ನಿಜ. ಹಾಗಿದ್ದರೂ ಇಂತಹ ಪ್ರಕರಣಗಳಿಗೆ ಅತಿ ದೊಡ್ಡ ಕಾರಣ ವಿಮಾನದಿಂದ ವಿಮಾನಕ್ಕೆ ಬ್ಯಾಗು ವರ್ಗಾಯಿಸುವ ಕೆಲಸವೇ ಆಗಿದೆ. ಎರಡು ವಿಮಾನಗಳ ನಡುವಣ ಸಮಯ ಕಡಿಮೆಯಾದಷ್ಟೂ ಅಪಾಯ ಹೆಚ್ಚುತ್ತದೆ. ನಾವು ಓಡಿ ಹೋಗಿ ವಿಮಾನ ಹಿಡಿದರೂ ಬ್ಯಾಗು ಹಿಂದೆ ಉಳಿಯುವುದುಂಟು.

ಒಂದೇ ಟಿಕೆಟೋ, ಎರಡು ಟಿಕೆಟೋ?

ಲಗೇಜಿನ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದು. ಇಡೀ ಪ್ರಯಾಣವನ್ನು ಒಂದೇ ಬುಕಿಂಗ್ ಸಂಖ್ಯೆಯಲ್ಲಿ, ಒಂದೇ ಟಿಕೆಟಿನಲ್ಲಿ ಕೊಂಡಿದ್ದರೆ ಬ್ಯಾಗನ್ನು ಸಾಮಾನ್ಯವಾಗಿ ಕೊನೆಯ ಊರಿನವರೆಗೆ ಟ್ಯಾಗ್ ಮಾಡಿ ಕಳುಹಿಸುತ್ತಾರೆ. ದಾರಿಯಲ್ಲಿ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿಹೋದರೆ ಬೇರೆ ವಿಮಾನದಲ್ಲಿ ಕಳುಹಿಸುವ ಹೊಣೆ ವಿಮಾನ ಸಂಸ್ಥೆಯದು.

ಕೆಲವರು ಹಣ ಉಳಿಸಲು ಎರಡು ಪ್ರತ್ಯೇಕ ಟಿಕೆಟ್ ಕೊಳ್ಳುತ್ತಾರೆ. ಮಂಗಳೂರಿನಿಂದ ಗಲ್ಫ್‌ಗೆ ಒಂದು ಸಂಸ್ಥೆಯ ಅಗ್ಗದ ಟಿಕೆಟ್, ಅಲ್ಲಿಂದ ಯುರೋಪಿಗೆ ಇನ್ನೊಂದು ಸಂಸ್ಥೆಯ ಟಿಕೆಟ್ ಎಂಬುದು ಇದರ ಸಾಮಾನ್ಯ ರೂಪ. ಆಗ ಈ ಮುಂದಿನ ತೊಡಕುಗಳು ಬರುತ್ತವೆ:

1. ಮೊದಲ ಸಂಸ್ಥೆ ಬ್ಯಾಗನ್ನು ಗಲ್ಫ್‌ವರೆಗೆ ಮಾತ್ರ ಟ್ಯಾಗ್ ಮಾಡುತ್ತದೆ. ಅಲ್ಲಿ ಇಳಿದು, ವಲಸೆ ತಪಾಸಣೆ ದಾಟಿ, ಬ್ಯಾಗು ತೆಗೆದುಕೊಂಡು, ಮತ್ತೊಂದು ಸಂಸ್ಥೆಯ ಕೌಂಟರಿನಲ್ಲಿ ಪುನಃ ಕೊಡಬೇಕು.

2. ವಲಸೆ ತಪಾಸಣೆ ದಾಟುವುದೆಂದರೆ ಆ ದೇಶವನ್ನು ಪ್ರವೇಶಿಸುವುದು. ಅದಕ್ಕೆ ವೀಸಾ ಬೇಕು. ಹಾಲು ಕುಡಿಯುವ ಮಗುವಿಗೂ ವೀಸಾ ಬೇಕು. ವೀಸಾ ಇಲ್ಲದಿದ್ದರೆ ಮಂಗಳೂರಿನ ಕೌಂಟರಿನಲ್ಲೇ ಪ್ರಯಾಣ ನಿಂತುಹೋಗಬಹುದು.

3. ಮೊದಲ ವಿಮಾನ ತಡವಾದರೆ ಎರಡನೆಯ ಸಂಸ್ಥೆಗೆ ಅದು ಸಂಬಂಧವಿಲ್ಲ. ಪ್ರಯಾಣಿಕರು ಬಾರಲಿಲ್ಲವೆಂದು ಟಿಕೆಟ್ ರದ್ದಾಗಬಹುದು. ಮಳೆಗಾಲದಲ್ಲಿ ಮಂಗಳೂರಿಗೆ ಬರುವ ವಿಮಾನಗಳನ್ನು ಬೇರೆ ಊರಿಗೆ ತಿರುಗಿಸುವುದು, ಚಳಿಗಾಲದಲ್ಲಿ ದೆಹಲಿಯಲ್ಲಿ ಮಂಜಿನಿಂದ ವಿಮಾನಗಳು ತಡವಾಗುವುದು ನಮಗೆ ತಿಳಿದದ್ದೇ.

4. ಎರಡೂ ಸಂಸ್ಥೆಗಳ ತೂಕದ ಮಿತಿ ಬೇರೆ ಬೇರೆ. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ ತಲಾ 15 ಕಿಲೋ ಮಾತ್ರ ಉಚಿತ. ಮಂಗಳೂರು–ಬೆಂಗಳೂರು ಟಿಕೆಟನ್ನು ಪ್ರತ್ಯೇಕವಾಗಿ ಕೊಂಡವರು ವಿದೇಶ ವಿಮಾನದ ತೂಕಕ್ಕೆ ಪ್ಯಾಕ್ ಮಾಡಿಕೊಂಡು ಬಂದರೆ ಹೆಚ್ಚುವರಿ ತೂಕಕ್ಕೆ ಹಣ ಕಟ್ಟಬೇಕಾಗುತ್ತದೆ.

ಸಣ್ಣ ಮಕ್ಕಳಿದ್ದಾಗ ಎರಡು ಟಿಕೆಟಿನ ಉಳಿತಾಯ ಉಳಿತಾಯವೇ ಅಲ್ಲ ಎಂಬುದು ನಮ್ಮ ಅಭಿಪ್ರಾಯ. ತಾಯಿ ಒಬ್ಬಳೇ ಹೋಗುವುದಾದರೆ ಸ್ವಲ್ಪ ಹೆಚ್ಚು ಹಣ ಕೊಟ್ಟಾದರೂ ಒಂದೇ ಟಿಕೆಟ್ ಕೊಳ್ಳುವುದು ಲೇಸು. ಟ್ರಾವೆಲ್ ಏಜೆಂಟರ ಬಳಿ "ಇದು ಒಂದೇ ಟಿಕೆಟೇ? ಬ್ಯಾಗು ಎಲ್ಲಿಯವರೆಗೆ ಹೋಗುತ್ತದೆ?" ಎಂದು ಸ್ಪಷ್ಟವಾಗಿ ಕೇಳಬೇಕು. ಒಂದೇ ಕಾಗದದಲ್ಲಿ ಎರಡೂ ವಿಮಾನಗಳ ವಿವರ ಮುದ್ರಿತವಾಗಿದೆ ಎಂದ ಮಾತ್ರಕ್ಕೆ ಅದು ಒಂದೇ ಟಿಕೆಟ್ ಆಗುವುದಿಲ್ಲ. ಅಂತರ್ಜಾಲದ ಕೆಲವು ಮಾರಾಟಗಾರರು ಎರಡು ಬೇರೆ ಟಿಕೆಟುಗಳನ್ನು ಜೋಡಿಸಿ ಒಂದೇ ಬೆಲೆಗೆ ಮಾರುತ್ತಾರೆ. 'ಸೆಲ್ಫ್ ಟ್ರಾನ್ಸ್‌ಫರ್' ಎಂಬ ಪದ ಎಲ್ಲಾದರೂ ಕಂಡರೆ ಬ್ಯಾಗನ್ನು ನಾವೇ ಇಳಿಸಿ ಸಾಗಿಸಬೇಕು ಎಂದು ಅರ್ಥ.

ಯಾವ ದೇಶದಲ್ಲಿ ಬ್ಯಾಗು ಇಳಿಸಿಕೊಳ್ಳಬೇಕು?

ಒಂದೇ ಟಿಕೆಟ್ ಇದ್ದರೂ, ಟ್ಯಾಗಿನಲ್ಲಿ ಕೊನೆಯ ಊರಿನ ಸಂಕೇತವೇ ಇದ್ದರೂ, ಕೆಲವು ದೇಶಗಳಲ್ಲಿ ನಡುವೆ ಬ್ಯಾಗು ಇಳಿಸಿಕೊಳ್ಳಲೇಬೇಕು. ಇದಕ್ಕೆ ಕಾರಣ ಆಯಾ ದೇಶದ ಕಸ್ಟಮ್ಸ್ ಕಾನೂನು.

ಭಾರತ: ವಿದೇಶದಿಂದ ಮುಂಬಯಿ, ದೆಹಲಿ ಅಥವಾ ಬೆಂಗಳೂರಿಗೆ ಬಂದು ಅಲ್ಲಿಂದ ದೇಶದೊಳಗಿನ ವಿಮಾನದಲ್ಲಿ ಮಂಗಳೂರಿಗೆ ಬರುವವರು ಸಾಮಾನ್ಯವಾಗಿ ಮೊದಲು ಇಳಿದ ನಿಲ್ದಾಣದಲ್ಲೇ ಬ್ಯಾಗು ಪಡೆದು, ಕಸ್ಟಮ್ಸ್ ದಾಟಿ, ವರ್ಗಾವಣೆ ಕೌಂಟರಿನಲ್ಲಿ ಮತ್ತೆ ಕೊಡಬೇಕು. ಟ್ಯಾಗಿನಲ್ಲಿ ಐಎಕ್ಸ್‌ಇ ಎಂದು ಬರೆದಿದೆಯೆಂದು ಬ್ಯಾಗನ್ನು ಬಿಟ್ಟು ಬಂದರೆ ಅದು ಮುಂಬಯಿಯ ಬೆಲ್ಟಿನ ಬಳಿಯೇ ಉಳಿಯುತ್ತದೆ. ಮುಂಬಯಿಯಲ್ಲಿ ಸಹಾರ್‌ನ 2ನೇ ಟರ್ಮಿನಲ್ ಮತ್ತು ಸಾಂತಾಕ್ರೂಜ್‌ನ 1ನೇ ಟರ್ಮಿನಲ್ ಬೇರೆ ಬೇರೆ ಕಡೆ ಇವೆ, ನಡುವೆ ರಸ್ತೆಯಲ್ಲಿ ಹೋಗಬೇಕು. 2025ರ ಡಿಸೆಂಬರಿನಿಂದ ನವಿ ಮುಂಬಯಿಯ ಹೊಸ ನಿಲ್ದಾಣದಿಂದಲೂ ವಿಮಾನಗಳು ಹಾರುತ್ತಿವೆ. ಬೆಂಗಳೂರಿನಲ್ಲಿ 2023ರ ಸೆಪ್ಟೆಂಬರಿನಿಂದ ಎಲ್ಲ ವಿದೇಶ ವಿಮಾನಗಳು 2ನೇ ಟರ್ಮಿನಲ್‌ನಲ್ಲಿವೆ. ಆದರೆ ದೇಶದೊಳಗಿನ ಹಲವು ವಿಮಾನಗಳು 1ನೇ ಟರ್ಮಿನಲ್‌ನಿಂದ ಹೊರಡುತ್ತವೆ. ಮಕ್ಕಳು ಮತ್ತು ಬ್ಯಾಗುಗಳೊಂದಿಗೆ ಇದನ್ನೆಲ್ಲ ದಾಟಲು ಕನಿಷ್ಠ ನಾಲ್ಕು ಗಂಟೆಯ ಅಂತರವನ್ನಾದರೂ ಇಟ್ಟುಕೊಳ್ಳುವುದು ಒಳ್ಳೆಯದು.

ಅಮೆರಿಕ: ಮೊದಲು ಇಳಿಯುವ ನಿಲ್ದಾಣದಲ್ಲೇ ಬ್ಯಾಗು ಪಡೆದು ಕಸ್ಟಮ್ಸ್ ದಾಟಬೇಕು ಎಂಬುದು ಅಲ್ಲಿಯ ಸಾಮಾನ್ಯ ನಿಯಮ. ಉದಾಹರಣೆಗೆ ಫ್ರಾಂಕ್‌ಫರ್ಟ್ ಮೂಲಕ ನ್ಯೂಯಾರ್ಕಿಗೆ ಹೋಗಿ ಅಲ್ಲಿಂದ ಶಿಕಾಗೋ ತಲುಪುವವರು ನ್ಯೂಯಾರ್ಕಿನಲ್ಲಿ ಬ್ಯಾಗು ಇಳಿಸಿಕೊಂಡು, ಹೊರಬಂದ ಕೂಡಲೇ ಇರುವ ವರ್ಗಾವಣೆ ಬೆಲ್ಟಿಗೆ ಮತ್ತೆ ಹಾಕಬೇಕು. ಅಬುಧಾಬಿಯ ಮೂಲಕ ಹೋಗುವವರಿಗೆ ಒಂದು ಅನುಕೂಲವಿದೆ. ಅಲ್ಲಿ 2014ರಿಂದ ಅಮೆರಿಕದ ಅಧಿಕಾರಿಗಳೇ ವಲಸೆ ಮತ್ತು ಕಸ್ಟಮ್ಸ್ ತಪಾಸಣೆ ನಡೆಸುತ್ತಾರೆ. ಅಲ್ಲಿ ತಪಾಸಣೆ ಮುಗಿಸಿದವರು ಅಮೆರಿಕದಲ್ಲಿ ಇಳಿದಾಗ ದೇಶದೊಳಗಿನ ಪ್ರಯಾಣಿಕರಂತೆ ಹೊರಬರಬಹುದು.

ಕೆನಡಾ ಮತ್ತು ಆಸ್ಟ್ರೇಲಿಯಾ: ಇಲ್ಲಿಯೂ ಬಹುಮಟ್ಟಿಗೆ ಮೊದಲ ನಿಲ್ದಾಣದಲ್ಲೇ ಬ್ಯಾಗು ಪಡೆಯಬೇಕು. ಆಸ್ಟ್ರೇಲಿಯಾದಲ್ಲಿ ಆಹಾರ ಪದಾರ್ಥ ಯಾವುದಿದ್ದರೂ ಕಾರ್ಡಿನಲ್ಲಿ ಘೋಷಿಸಬೇಕು. ಘೋಷಿಸದೆ ಸಿಕ್ಕಿಬಿದ್ದರೆ ದೊಡ್ಡ ಮೊತ್ತದ ದಂಡ ಬೀಳುತ್ತದೆ.

ಯುರೋಪಿಯನ್ ಒಕ್ಕೂಟ: ಮೊದಲ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ತಪಾಸಣೆ ಆಗುತ್ತದೆ. ಒಕ್ಕೂಟದ ಒಳಗೇ ಇರುವ ಇನ್ನೊಂದು ಊರಿಗೆ ಟ್ಯಾಗ್ ಆದ ಬ್ಯಾಗು ಮಾತ್ರ ಕೊನೆಯ ಊರಿನಲ್ಲೇ ಕೈಗೆ ಸಿಗುತ್ತದೆ.

ಗಲ್ಫ್ ನಿಲ್ದಾಣಗಳು: ದುಬೈ, ಅಬುಧಾಬಿ, ದೋಹಾಗಳಲ್ಲಿ ಒಂದೇ ಟಿಕೆಟಿನಲ್ಲಿ ವಿಮಾನ ಮಾತ್ರ ಬದಲಿಸುವವರು ಬ್ಯಾಗು ಮುಟ್ಟಬೇಕಾಗಿಲ್ಲ. ರಾತ್ರಿ ತಂಗುವ ದೀರ್ಘ ಅಂತರವಿದ್ದರೆ ಬ್ಯಾಗು ಕೊಡುತ್ತಾರೆಯೇ ಅಥವಾ ಅವರ ಬಳಿಯೇ ಇರಿಸಿಕೊಳ್ಳುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ.

ತೂಕ ಮತ್ತು ಮಗುವಿನ ಪಾಲು

ವಿಮಾನ ಸಂಸ್ಥೆಗಳು ಎರಡು ಕ್ರಮಗಳನ್ನು ಅನುಸರಿಸುತ್ತವೆ. ಒಂದರಲ್ಲಿ ಒಟ್ಟು ತೂಕದ ಲೆಕ್ಕ, ಉದಾಹರಣೆಗೆ 30 ಕಿಲೋ. ಇನ್ನೊಂದರಲ್ಲಿ ಬ್ಯಾಗುಗಳ ಲೆಕ್ಕ, ಉದಾಹರಣೆಗೆ 23 ಕಿಲೋದ ಎರಡು ಬ್ಯಾಗು. ಅಮೆರಿಕ ಮತ್ತು ಕೆನಡಾದ ಮಾರ್ಗಗಳಲ್ಲಿ ಹೆಚ್ಚಾಗಿ ಎರಡನೆಯ ಕ್ರಮವಿದೆ. ಅಲ್ಲಿ ಪ್ರತಿ ಬ್ಯಾಗಿನ ಉದ್ದ, ಅಗಲ, ಎತ್ತರ ಸೇರಿ 158 ಸೆಂಟಿಮೀಟರ್ ಮೀರಬಾರದು. 28 ಕಿಲೋದ ಒಂದು ಬ್ಯಾಗು ಮತ್ತು 18 ಕಿಲೋದ ಇನ್ನೊಂದು ಬ್ಯಾಗು ಸೇರಿ 46 ಕಿಲೋ ಆಯಿತಲ್ಲ ಎಂದು ವಾದಿಸಿ ಪ್ರಯೋಜನವಿಲ್ಲ, ಹೆಚ್ಚುವರಿ ಹಣ ಕೇಳುತ್ತಾರೆ. ಯಾವುದೇ ಕ್ರಮದಲ್ಲಿಯೂ ಒಂದು ಬ್ಯಾಗಿಗೆ 32 ಕಿಲೋ ಬಹುತೇಕ ಎಲ್ಲೆಡೆ ಗರಿಷ್ಠ ಮಿತಿ. ಬ್ಯಾಗು ಎತ್ತುವ ಕಾರ್ಮಿಕರ ಸುರಕ್ಷತೆಗಾಗಿ ಇರುವ ಮಿತಿ ಇದು.

2 ವರ್ಷ ತುಂಬಿದ ಮಗುವಿಗೆ ಪ್ರತ್ಯೇಕ ಆಸನ ಕೊಳ್ಳಬೇಕು. ಆಗ ಸಾಮಾನ್ಯವಾಗಿ ದೊಡ್ಡವರಷ್ಟೇ ಲಗೇಜು ಸಿಗುತ್ತದೆ. 2 ವರ್ಷದೊಳಗೆ ಮಡಿಲಲ್ಲಿ ಕುಳಿತು ಹೋಗುವ ಮಗುವಿಗೆ ಸಂಸ್ಥೆಯಿಂದ ಸಂಸ್ಥೆಗೆ ನಿಯಮ ಬೇರೆ. ಕೆಲವರು 10 ಕಿಲೋ ಕೊಡುತ್ತಾರೆ, ಕೆಲವರು ಒಂದು ಬ್ಯಾಗು ಕೊಡುತ್ತಾರೆ, ಅಗ್ಗದ ದರದ ಕೆಲವು ಸಂಸ್ಥೆಗಳು ಏನೂ ಕೊಡುವುದಿಲ್ಲ. ಹೋಗುವಾಗ 2 ವರ್ಷ ತುಂಬಿರದ ಮಗುವಿಗೆ ಹಿಂದಿರುಗುವ ಮೊದಲು 2 ತುಂಬುವುದಾದರೆ ಹಿಂದಿರುಗುವ ಪ್ರಯಾಣಕ್ಕೆ ಆಸನ ಬೇಕಾಗುತ್ತದೆ ಎಂಬುದನ್ನೂ ಟಿಕೆಟ್ ಕೊಳ್ಳುವಾಗಲೇ ಗಮನಿಸಬೇಕು.

ಮಗುವಿನ ತಳ್ಳುಗಾಡಿ

ಮಡಚುವ ಸ್ಟ್ರೋಲರ್ ಒಂದನ್ನು ಹೆಚ್ಚಿನ ಸಂಸ್ಥೆಗಳು ಉಚಿತವಾಗಿ ಒಯ್ಯುತ್ತವೆ. ಅದನ್ನು ವಿಮಾನದ ಬಾಗಿಲಿನವರೆಗೆ ತಳ್ಳಿಕೊಂಡು ಹೋಗಿ ಅಲ್ಲಿ ಕೊಡಬಹುದು. ಆದರೆ ಅದಕ್ಕೂ ಟ್ಯಾಗ್ ಬೇಕು. ಆ ಟ್ಯಾಗನ್ನು ಚೆಕ್-ಇನ್ ಕೌಂಟರಿನಲ್ಲೇ ಕೇಳಿ ಹಾಕಿಸಿಕೊಳ್ಳಬೇಕು. ನಡುವಣ ನಿಲ್ದಾಣದಲ್ಲಿ ಅದು ವಿಮಾನದ ಬಾಗಿಲಲ್ಲಿ ಸಿಗುತ್ತದೆಯೇ, ಬೆಲ್ಟಿನಲ್ಲಿ ಬರುತ್ತದೆಯೇ ಅಥವಾ ನೇರ ಕೊನೆಯ ಊರಿಗೆ ಹೋಗುತ್ತದೆಯೇ ಎಂಬುದು ಒಂದೊಂದು ಕಡೆ ಒಂದೊಂದು ರೀತಿ. ದೊಡ್ಡ ನಿಲ್ದಾಣಗಳಲ್ಲಿ ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ಇಪ್ಪತ್ತು ನಿಮಿಷ ನಡೆಯಬೇಕಾಗಬಹುದು. ನಿದ್ದೆಹೋದ ಮಗುವನ್ನು ಹೆಗಲಲ್ಲಿ ಹೊತ್ತು ನಡೆಯುವ ಸಾಧ್ಯತೆಗೂ ಸಿದ್ಧರಾಗಿರಬೇಕು. ಎದೆಗೆ ಕಟ್ಟಿಕೊಳ್ಳುವ ಬಟ್ಟೆಯ ಜೋಳಿಗೆ ಒಂದಿದ್ದರೆ ಎರಡೂ ಕೈ ಖಾಲಿ ಇರುತ್ತವೆ. ಸ್ಟ್ರೋಲರ್ ಕೊಡುವ ಮೊದಲು ಅದರ ಜೇಬುಗಳನ್ನು ಖಾಲಿ ಮಾಡಿ, ಹೆಸರಿನ ಚೀಟಿ ಕಟ್ಟಿ.

ಕೈಚೀಲದಲ್ಲಿ ಇರಲೇಬೇಕಾದುವು

ಬ್ಯಾಗು ಒಂದು ದಿನ ತಡವಾಗಿ ಬರುತ್ತದೆ ಎಂದೇ ತಿಳಿದು ಕೈಚೀಲವನ್ನು ತುಂಬಬೇಕು. ಪ್ರಯಾಣದ ಒಟ್ಟು ಗಂಟೆಗಳಿಗೆ ಇನ್ನೊಂದು ದಿನವನ್ನು ಸೇರಿಸಿ ಲೆಕ್ಕ ಹಾಕಿ:

- ಮಗುವಿನ ಹಾಲಿನ ಪುಡಿ, ಬಾಟಲಿಗಳು, ಫ್ಲಾಸ್ಕ್, ರಾಗಿ ಪುಡಿ ಅಥವಾ ಮಗು ತಿನ್ನುವ ಬೇರೆ ಆಹಾರ.
- ಡೈಪರ್, ಒದ್ದೆ ಒರೆಸುವ ಕಾಗದ, ಕೊಳೆ ಬಟ್ಟೆ ಹಾಕಲು ಪ್ಲಾಸ್ಟಿಕ್ ಚೀಲ.
- ಪ್ರತಿ ಮಗುವಿಗೆ ಎರಡು ಜತೆ ಬಟ್ಟೆ, ತಾಯಿಗೆ ಒಂದು ಮೇಲುಡುಪು. ಚಳಿ ದೇಶಕ್ಕೆ ಹೋಗುವವರು ಸ್ವೆಟರ್, ಟೋಪಿ, ಕಾಲುಚೀಲಗಳನ್ನೂ ಕೈಯಲ್ಲೇ ಇಟ್ಟುಕೊಳ್ಳಬೇಕು.
- ಜ್ವರದ ಔಷಧಿ, ಆಸ್ತಮಾ ಇದ್ದರೆ ಇನ್‌ಹೇಲರ್, ವೈದ್ಯರ ಚೀಟಿಯ ಪ್ರತಿ.
- ಪಾಸ್‌ಪೋರ್ಟ್, ವೀಸಾ, ಮಗುವಿನ ಜನನ ಪ್ರಮಾಣಪತ್ರ, ಲಸಿಕೆಯ ಪುಸ್ತಕ, ತಲುಪುವ ಮನೆಯ ವಿಳಾಸ.
- ಚಿನ್ನ, ಹಣ, ಮೂಲ ಪ್ರಮಾಣಪತ್ರಗಳು, ಮನೆಯ ಬೀಗದ ಕೈ.

ಕೈಚೀಲದಲ್ಲಿ ದ್ರವ ಪದಾರ್ಥಗಳಿಗೆ ಇರುವ 100 ಮಿಲಿಲೀಟರ್ ಮಿತಿ ಮಗುವಿನ ಹಾಲು, ಬಿಸಿನೀರು ಮತ್ತು ಆಹಾರಕ್ಕೆ ಅನ್ವಯಿಸುವುದಿಲ್ಲ. ಪ್ರಯಾಣಕ್ಕೆ ಬೇಕಾದಷ್ಟನ್ನು ಒಯ್ಯಲು ಬಿಡುತ್ತಾರೆ. ಅದನ್ನು ಪ್ರತ್ಯೇಕ ಚೀಲದಲ್ಲಿಟ್ಟು, ಭದ್ರತಾ ತಪಾಸಣೆಯಲ್ಲಿ ನಾವಾಗಿಯೇ ತೆಗೆದು ತೋರಿಸಿದರೆ ಕೆಲಸ ಬೇಗ ಮುಗಿಯುತ್ತದೆ. ನಡುವಣ ನಿಲ್ದಾಣದಲ್ಲಿ ಮತ್ತೊಮ್ಮೆ ತಪಾಸಣೆ ಇರುತ್ತದೆ ಎಂಬುದು ನೆನಪಿರಲಿ. ಮೊದಲ ನಿಲ್ದಾಣದಲ್ಲಿ ಕೊಂಡ ನೀರಿನ ಬಾಟಲಿಯನ್ನು ಅಲ್ಲಿ ಎಸೆಯಬೇಕಾಗಿ ಬರಬಹುದು.

ಪವರ್ ಬ್ಯಾಂಕ್ ಮತ್ತು ಬಿಡಿ ಲಿಥಿಯಂ ಬ್ಯಾಟರಿಗಳನ್ನು ಚೆಕ್-ಇನ್ ಬ್ಯಾಗಿನಲ್ಲಿ ಹಾಕಲೇಬಾರದು. ಅವುಗಳನ್ನು ಕೈಚೀಲದಲ್ಲಿ ಮಾತ್ರ ಒಯ್ಯಬೇಕು. ಎಕ್ಸ್-ರೇಯಲ್ಲಿ ಇದು ಕಂಡರೆ ಬ್ಯಾಗನ್ನು ತಡೆದು, ತೆರೆಯಲು ನಮ್ಮನ್ನು ಕರೆಯುತ್ತಾರೆ. ನಾವು ಸಿಗದಿದ್ದರೆ ಬ್ಯಾಗು ಆ ವಿಮಾನದಲ್ಲಿ ಹೋಗದೆ ಇರಬಹುದು.

ಚೆಕ್-ಇನ್ ಬ್ಯಾಗನ್ನು ತುಂಬುವಾಗ

ಒಬ್ಬೊಬ್ಬರ ಬಟ್ಟೆಯನ್ನು ಒಂದೊಂದು ಬ್ಯಾಗಿನಲ್ಲಿ ತುಂಬುವುದು ನಮ್ಮ ರೂಢಿ. ವಿಮಾನ ಬದಲಿಸುವ ಪ್ರಯಾಣದಲ್ಲಿ ಇದು ಸರಿಯಲ್ಲ. ಮಗುವಿನ ಬಟ್ಟೆಯನ್ನು ಎಲ್ಲ ಬ್ಯಾಗುಗಳಿಗೂ ಹಂಚಿಬಿಡಿ. ಒಂದು ಬ್ಯಾಗು ತಡವಾದರೂ ಇನ್ನೊಂದರಲ್ಲಿ ಅದಕ್ಕೆ ಬೇಕಾದುದು ಇರುತ್ತದೆ. ಹೊರಗೆ ಹೆಸರು ಮತ್ತು ದೂರವಾಣಿ ಸಂಖ್ಯೆ ಬರೆದು, ಅದೇ ವಿವರದ ಚೀಟಿಯನ್ನು ಒಳಗೂ ಇಡಿ. ಹೊರಗಿನದು ಕಿತ್ತುಹೋದರೆ ಒಳಗಿನದು ನೆರವಾಗುತ್ತದೆ. ಹಳೆಯ ಪ್ರಯಾಣದ ಟ್ಯಾಗುಗಳನ್ನು ಮತ್ತು ಚಿಕ್ಕ ಬಾರ್‌ಕೋಡ್ ತುಂಡುಗಳನ್ನು ಪೂರ್ತಿ ಕಿತ್ತುಹಾಕಿ. ಯಂತ್ರ ಹಳೆಯದನ್ನು ಓದಿ ಬ್ಯಾಗು ಬೇರೆ ದಾರಿ ಹಿಡಿಯುವ ಸಾಧ್ಯತೆ ಇದೆ. ತುಂಬಿದ ಬ್ಯಾಗಿನ ಒಳಗಿನ ಮತ್ತು ಹೊರಗಿನ ಫೋಟೋವನ್ನು ಮೊಬೈಲಿನಲ್ಲಿ ತೆಗೆದಿಡಿ.

ನಮ್ಮ ಕರಾವಳಿಯವರು ವಿಶೇಷವಾಗಿ ಗಮನಿಸಬೇಕಾದ ಕೆಲವು ವಸ್ತುಗಳಿವೆ. ಒಣ ಕೊಬ್ಬರಿಯಲ್ಲಿ ಎಣ್ಣೆಯ ಅಂಶ ಹೆಚ್ಚಾಗಿದ್ದು, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ವರ್ಗದಲ್ಲಿ ಅದನ್ನು ಸೇರಿಸಲಾಗಿದೆ. ಭಾರತದಲ್ಲಿ 2022ರಿಂದ ಚೆಕ್-ಇನ್ ಬ್ಯಾಗಿನಲ್ಲಿ ಅದಕ್ಕೆ ನಿಷೇಧವಿದೆ. ಗಸಗಸೆ ನಮ್ಮ ಅಡುಗೆಮನೆಯ ಸಾಮಾನ್ಯ ವಸ್ತುವಾದರೂ ಸಂಯುಕ್ತ ಅರಬ್ ಎಮಿರೇಟ್ಸ್‌ನಂತಹ ದೇಶಗಳಲ್ಲಿ ಅದು ಮಾದಕ ವಸ್ತುಗಳ ಪಟ್ಟಿಗೆ ಸೇರುತ್ತದೆ, ಜೈಲುಶಿಕ್ಷೆಯೂ ಆಗಬಹುದು. ಮಸಾಲೆ ಪುಡಿಯಲ್ಲಿ ಬೆರೆಸಿದ್ದರೂ ಅಪಾಯವೇ. ಕೊಡೀನ್ ಅಥವಾ ಟ್ರಾಮಡಾಲ್ ಇರುವ ಔಷಧಿಗಳಿಗೆ ಅಲ್ಲಿ ಮುಂಗಡ ಅನುಮತಿ ಬೇಕು. ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನಿಂದ ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ಒಯ್ಯುವಂತಿಲ್ಲ. ಮನೆಯಲ್ಲಿ ಮಾಡಿದ ಮಾಂಸದ ಉಪ್ಪಿನಕಾಯಿಗೂ ತುಪ್ಪದ ಡಬ್ಬಿಗೂ ಇದು ಅನ್ವಯಿಸುತ್ತದೆ. ಶಿಶುಗಳ ಹಾಲಿನ ಪುಡಿಯನ್ನು ಮಾತ್ರ, ಒಡೆಯದ ಕಂಪನಿ ಪ್ಯಾಕೆಟಿನಲ್ಲಿ, 2 ಕಿಲೋವರೆಗೆ ಒಯ್ಯಬಹುದು.

ಎಲ್ಲಕ್ಕಿಂತ ಗಂಭೀರವಾದುದು ಬೇರೆಯವರ ಪಾರ್ಸೆಲ್ಲಿನ ವಿಷಯ. "ನಮ್ಮ ಮಗನಿಗೆ ಒಂದು ಸಣ್ಣ ಪೊಟ್ಟಣ" ಎಂದು ನೆರೆಯವರು ತಂದುಕೊಟ್ಟಾಗ ಇಲ್ಲ ಎನ್ನಲು ಮನಸ್ಸು ಬಾರದು. ಆದರೆ ಬ್ಯಾಗಿನಲ್ಲಿ ಇರುವುದಕ್ಕೆಲ್ಲ ಕಾನೂನಿನ ಮುಂದೆ ಹೊಣೆಯಾಗುವವರು ಅದನ್ನು ಒಯ್ಯುವವರು. ಮಕ್ಕಳೊಂದಿಗೆ ಇರುವ ತಾಯಿಯನ್ನು ಪರದೇಶದ ನಿಲ್ದಾಣದಲ್ಲಿ ತಡೆದು ನಿಲ್ಲಿಸಿದರೆ ಆಗುವ ಸಂಕಟವನ್ನು ಊಹಿಸಿಕೊಳ್ಳಿ. ಕಟ್ಟಿದ ಪೊಟ್ಟಣವನ್ನು ಯಾರಿಂದಲೂ ತೆಗೆದುಕೊಳ್ಳಬಾರದು. ತೆಗೆದುಕೊಳ್ಳಲೇಬೇಕಾದರೆ ಕೊಟ್ಟವರ ಎದುರಿನಲ್ಲೇ ಬಿಚ್ಚಿ ನೋಡಿ, ನಾವೇ ಮತ್ತೆ ಕಟ್ಟಬೇಕು. ಇದರಿಂದ ನೊಂದುಕೊಳ್ಳದಿರುವುದು ಕೊಡುವವರ ಕರ್ತವ್ಯ.

ಚೆಕ್-ಇನ್ ಕೌಂಟರಿನಲ್ಲಿ ಕೇಳಬೇಕಾದ ಐದು ಪ್ರಶ್ನೆಗಳು

1. ಬ್ಯಾಗನ್ನು ಯಾವ ಊರಿನವರೆಗೆ ಟ್ಯಾಗ್ ಮಾಡಿದ್ದೀರಿ?
2. ದಾರಿಯಲ್ಲಿ ಎಲ್ಲಿಯಾದರೂ ನಾವು ಅದನ್ನು ಇಳಿಸಿಕೊಳ್ಳಬೇಕೇ?
3. ಮುಂದಿನ ವಿಮಾನದ ಬೋರ್ಡಿಂಗ್ ಪಾಸ್ ಈಗಲೇ ಸಿಗುತ್ತದೆಯೇ?
4. ಸ್ಟ್ರೋಲರ್ ನಮಗೆ ಎಲ್ಲಿ ಹಿಂದಕ್ಕೆ ಸಿಗುತ್ತದೆ?
5. ಮಕ್ಕಳೊಂದಿಗೆ ಒಬ್ಬರೇ ಇರುವವರಿಗೆ ನಡುವಣ ನಿಲ್ದಾಣದಲ್ಲಿ ಸಹಾಯ ದೊರೆಯುತ್ತದೆಯೇ?

ಉತ್ತರ ಕೇಳಿದ ಮೇಲೆ ಟ್ಯಾಗಿನ ಮೂರಕ್ಷರವನ್ನು ನಮ್ಮ ಟಿಕೆಟಿನೊಂದಿಗೆ ಹೋಲಿಸಿ ನೋಡಬೇಕು. ಎಷ್ಟು ಬ್ಯಾಗು ಕೊಟ್ಟೆವೋ ಅಷ್ಟು ತುಂಡುಗಳು ನಮ್ಮ ಕೈಗೆ ಬಂದಿವೆಯೇ ಎಂದು ಎಣಿಸಬೇಕು. ಅವುಗಳ ಫೋಟೋ ತೆಗೆದು ತಲುಪುವ ಊರಿನಲ್ಲಿ ಕಾಯುತ್ತಿರುವವರಿಗೆ ಕಳುಹಿಸಬೇಕು. ಹಿಂದೆ ಸಾಲು ಉದ್ದವಿದೆಯೆಂದು ಅವಸರಪಡುವ ಅಗತ್ಯವಿಲ್ಲ. ಈ ಎರಡು ನಿಮಿಷ ಮುಂದೆ ಎರಡು ದಿನಗಳನ್ನು ಉಳಿಸಬಹುದು.

ನಡುದಾರಿಯಲ್ಲಿ ಬ್ಯಾಗು ಇಳಿಸಿಕೊಳ್ಳಬೇಕಾದಾಗ

ದೊಡ್ಡವರು ಇಬ್ಬರಿದ್ದರೆ ಕೆಲಸವನ್ನು ಮೊದಲೇ ಹಂಚಿಕೊಳ್ಳಿ. ಒಬ್ಬರು ಬೆಲ್ಟಿನ ಬಳಿ ನಿಲ್ಲಲಿ, ಇನ್ನೊಬ್ಬರು ಮಕ್ಕಳೊಂದಿಗೆ ದೂರದಲ್ಲಿ ಕುಳಿತಿರಲಿ. ಚಲಿಸುವ ಬೆಲ್ಟಿನ ಹತ್ತಿರ ಮಕ್ಕಳನ್ನು ಬಿಡಬಾರದು, ಬೆರಳು ಸಿಕ್ಕಿಕೊಳ್ಳುವ ಅಪಾಯವಿದೆ. ತಾಯಿ ಒಬ್ಬಳೇ ಇದ್ದರೆ ಮಗುವನ್ನು ಎದೆಗೆ ಕಟ್ಟಿಕೊಂಡು ಬ್ಯಾಗು ಎತ್ತಲು ಸಿಬ್ಬಂದಿಯ ಅಥವಾ ಸಹಪ್ರಯಾಣಿಕರ ಸಹಾಯ ಕೇಳುವುದರಲ್ಲಿ ಸಂಕೋಚ ಬೇಡ. ಸಾಧ್ಯವಿದ್ದರೆ 'ಮೀಟ್ ಆಂಡ್ ಅಸಿಸ್ಟ್' ಎಂಬ ಸೇವೆಯನ್ನು ಮೊದಲೇ ಕಾದಿರಿಸಬಹುದು. ಒಬ್ಬರು ಎತ್ತಲಾಗದ ದೊಡ್ಡ ಬ್ಯಾಗು ಒಂದಕ್ಕಿಂತ ಸಾಧಾರಣ ಗಾತ್ರದ ಎರಡು ಬ್ಯಾಗುಗಳು ಇಲ್ಲಿ ಅನುಕೂಲ. ಕಸ್ಟಮ್ಸ್ ದಾಟಿದ ಮೇಲೆ ಬ್ಯಾಗನ್ನು ಮತ್ತೆ ಒಪ್ಪಿಸುವಾಗ ಹಳೆಯ ಟ್ಯಾಗೇ ಸಾಕೇ, ಹೊಸದು ಬೇಕೇ ಎಂದು ಕೇಳಿ.

ಬ್ಯಾಗು ಬಾರದಿದ್ದರೆ

ಬೆಲ್ಟು ನಿಂತು ಬ್ಯಾಗು ಕಾಣದಿದ್ದರೆ ನಿಲ್ದಾಣದಿಂದ ಹೊರಗೆ ಹೋಗಬಾರದು. ಮೊದಲು ವಿಮಾನ ಸಂಸ್ಥೆಯ ಬ್ಯಾಗೇಜ್ ಕೌಂಟರಿಗೆ ಹೋಗಿ ಪಿಐಆರ್ ಎಂಬ ದೂರು ವರದಿ ಬರೆಸಬೇಕು. ಬ್ಯಾಗಿನ ಬಣ್ಣ, ಗಾತ್ರ, ಒಳಗಿನ ಮುಖ್ಯ ವಸ್ತುಗಳು, ತಂಗುವ ವಿಳಾಸ ಮತ್ತು ಅಲ್ಲಿಯ ದೂರವಾಣಿ ಸಂಖ್ಯೆ ಕೊಡಬೇಕು. ವರದಿಯ ಸಂಖ್ಯೆಯನ್ನು ಬರೆದುಕೊಳ್ಳಬೇಕು, ಬ್ಯಾಗನ್ನು ಹುಡುಕುವುದು ಅದರ ಆಧಾರದಲ್ಲಿ. ಮಗುವಿನ ಸಾಮಾನು ಇದೆ ಎಂಬುದನ್ನು ವರದಿಯಲ್ಲಿ ಬರೆಸಿ. ತಕ್ಷಣದ ಅಗತ್ಯಕ್ಕೆ ಏನು ಕೊಡುತ್ತಾರೆ ಎಂದೂ ಕೇಳಿ.

ಮುಂಬಯಿ ಅಥವಾ ಬೆಂಗಳೂರಿನಲ್ಲಿ ಇಳಿದು ಮಂಗಳೂರಿಗೆ ಬರಬೇಕಾದವರು ವಿದೇಶದಿಂದ ಬ್ಯಾಗು ಬಂದಿಲ್ಲವೆಂದು ಅಲ್ಲೇ ದೂರು ಕೊಡಬೇಕು. ಊರಿಗೆ ಹೋಗಿ ನೋಡಿಕೊಳ್ಳೋಣ ಎಂದು ಹೊರಟರೆ ತೊಡಕಾಗುತ್ತದೆ. ಅಷ್ಟೇ ಅಲ್ಲ, ಬಾರದ ಬ್ಯಾಗಿನ ಬಗ್ಗೆ ವಿಮಾನ ಸಂಸ್ಥೆಯಿಂದ ಪತ್ರ ಪಡೆದು, ಸುಂಕ ವಿನಾಯಿತಿಯಲ್ಲಿ ಎಷ್ಟು ಉಳಿದಿದೆ ಎಂದು ಕಸ್ಟಮ್ಸ್ ಅಧಿಕಾರಿಯ ಸಹಿ ಹಾಕಿಸಿಕೊಂಡರೆ ಬ್ಯಾಗು ನಂತರ ಬಂದಾಗ ಆ ವಿನಾಯಿತಿ ಸಿಗುತ್ತದೆ.

ವಿದೇಶ ಪ್ರಯಾಣದ ಲಗೇಜಿಗೆ ಸಂಬಂಧಿಸಿದ ಮುಖ್ಯ ಕಾನೂನು 1999ರ ಮಾಂಟ್ರಿಯಲ್ ಒಪ್ಪಂದ. ಭಾರತದಲ್ಲಿ ಇದು 2009ರಿಂದ ಜಾರಿಯಲ್ಲಿದೆ. ಇದರ ಪ್ರಕಾರ:

- ಬ್ಯಾಗು ಒಡೆದು ಹಾನಿಯಾಗಿದ್ದರೆ ಕೈಗೆ ಸಿಕ್ಕಿದ 7 ದಿನಗಳ ಒಳಗೆ ಲಿಖಿತ ದೂರು ಕೊಡಬೇಕು.
- ತಡವಾಗಿ ಬಂದಿದ್ದರೆ ಕೈಗೆ ಸಿಕ್ಕಿದ 21 ದಿನಗಳ ಒಳಗೆ ದೂರು ಕೊಡಬೇಕು.
- ಬರಬೇಕಾಗಿದ್ದ ದಿನದಿಂದ 21 ದಿನ ಕಳೆದರೂ ಬಾರದಿದ್ದರೆ ಕಳೆದುಹೋದಂತೆ ಎಂದು ಪರಿಹಾರ ಕೇಳಬಹುದು.
- ನ್ಯಾಯಾಲಯಕ್ಕೆ ಹೋಗುವುದಾದರೆ 2 ವರ್ಷಗಳ ಒಳಗೆ ಹೋಗಬೇಕು.
- ಎರಡು ಸಂಸ್ಥೆಗಳ ವಿಮಾನಗಳಲ್ಲಿ ಒಂದೇ ಪ್ರಯಾಣ ಮಾಡಿದ್ದರೆ ಮೊದಲ ಸಂಸ್ಥೆ, ಕೊನೆಯ ಸಂಸ್ಥೆ ಅಥವಾ ನಷ್ಟವಾದ ಹಂತದ ಸಂಸ್ಥೆ, ಇವರಲ್ಲಿ ಯಾರನ್ನಾದರೂ ಕೇಳಬಹುದು. "ಅವರನ್ನು ಕೇಳಿ" ಎಂದು ಒಬ್ಬರು ಇನ್ನೊಬ್ಬರ ಕಡೆ ಕೈತೋರಿಸಿದರೆ ಈ ಮಾತು ನೆನಪಿರಲಿ.

ಪರಿಹಾರದ ಗರಿಷ್ಠ ಮಿತಿ 2024ರ ಡಿಸೆಂಬರ್ 28ರಿಂದ ಪ್ರತಿ ಪ್ರಯಾಣಿಕನಿಗೆ 1,519 ಎಸ್‌ಡಿಆರ್, ಎಂದರೆ ಸುಮಾರು 2,000 ಅಮೆರಿಕನ್ ಡಾಲರ್. ಇದು ಗರಿಷ್ಠ ಮಿತಿಯೇ ಹೊರತು ಎಲ್ಲರಿಗೂ ತಾನಾಗಿ ಸಿಗುವ ಮೊತ್ತವಲ್ಲ. ನಷ್ಟವನ್ನು ತೋರಿಸಬೇಕು. ಬ್ಯಾಗು ಬರುವವರೆಗೆ ಮಗುವಿಗಾಗಿ ಕೊಂಡ ಹಾಲಿನ ಪುಡಿ, ಡೈಪರ್, ಬಟ್ಟೆಗಳ ಬಿಲ್ಲುಗಳನ್ನೆಲ್ಲ ಜೋಪಾನವಾಗಿ ಇಟ್ಟುಕೊಳ್ಳಿ. ಖರ್ಚು ನ್ಯಾಯವಾಗಿರಲಿ, ಅಗತ್ಯದ್ದಾಗಿರಲಿ. ಹೊರಡುವ ಮೊದಲು ಪ್ರಯಾಣ ವಿಮೆ ಮಾಡಿಸಿಕೊಂಡಿದ್ದರೆ ಅದರಲ್ಲಿಯೂ ಲಗೇಜಿನ ಭಾಗ ಇದೆಯೇ ಎಂದು ನೋಡಬೇಕು.

ಚರ್ಚ್ ಕಾರ್ಯಕರ್ತರಿಗೆ ಒಂದು ಮಾತು

ಪ್ರಮಾಣಪತ್ರಕ್ಕಾಗಿ, ಪಾಸ್‌ಪೋರ್ಟ್ ಅರ್ಜಿಗಾಗಿ ಜನರು ನಮ್ಮ ಚರ್ಚ್ ಕಚೇರಿಗಳಿಗೆ ಬರುತ್ತಾರೆ. ಮೊದಲ ಬಾರಿ ಹೊರಡುವವರು ಯಾರೆಂದು ವಾರ್ಡಿನ ಗುರಿಕಾರರಿಗೆ ಗೊತ್ತಿರುತ್ತದೆ. ಅಂತಹವರ ಟಿಕೆಟನ್ನು ಒಮ್ಮೆ ನೋಡಿ, ಬುಕಿಂಗ್ ಸಂಖ್ಯೆ ಒಂದೋ ಎರಡೋ ಎಂದು ಪರಿಶೀಲಿಸಿ, ಬ್ಯಾಗು ಇಳಿಸಿಕೊಳ್ಳಬೇಕಾದ ಊರಿನ ಹೆಸರನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲೋ ಕೊಂಕಣಿಯಲ್ಲೋ ಬರೆದುಕೊಟ್ಟರೆ ದೊಡ್ಡ ಉಪಕಾರವಾಗುತ್ತದೆ. ಇಂಗ್ಲಿಷ್ ಬಾರದ ಹಿರಿಯರಿಗೆ ಮೇಲಿನ ಐದು ಪ್ರಶ್ನೆಗಳನ್ನು ಇಂಗ್ಲಿಷಿನಲ್ಲೂ ಬರೆದುಕೊಡಬಹುದು, ಅವರು ಅದನ್ನು ಕೌಂಟರಿನಲ್ಲಿ ತೋರಿಸಿದರೆ ಸಾಕು. ಯುವ ಸಂಘಟನೆಯ ಸದಸ್ಯರು ಈ ಕೆಲಸವನ್ನು ಸುಲಭವಾಗಿ ವಹಿಸಿಕೊಳ್ಳಬಲ್ಲರು.

ವಿಮಾನ ಸಂಸ್ಥೆಗಳ ನಿಯಮಗಳು ಆಗಾಗ ಬದಲಾಗುತ್ತವೆ. ಹೊರಡುವ ವಾರದಲ್ಲಿ ಆಯಾ ಸಂಸ್ಥೆಯಲ್ಲಿ ಮತ್ತೊಮ್ಮೆ ವಿಚಾರಿಸಿಕೊಳ್ಳುವುದು ಅಗತ್ಯ. ಬ್ಯಾಗು ಒಂದು ದಿನ ತಡವಾಗಿ ಬಂದರೆ ಮತ್ತೆ ಸಿಗುತ್ತದೆ. ಹಸಿದ ಮಗುವನ್ನು ಮಾತ್ರ ಒಂದು ಗಂಟೆಯೂ ಕಾಯಿಸಲಾಗದು. ಅದಕ್ಕೆ ಬೇಕಾದುದು ನಮ್ಮ ಕೈಯಲ್ಲೇ ಇರಲಿ. ಪ್ರಯಾಣ ಹೊರಟಿರುವ ಎಲ್ಲ ಕುಟುಂಬಗಳಿಗೂ ಶುಭವಾಗಲಿ.